ನಾಗಪಟ್ಟಣದ ಗಾಳಿಯನ್ನು ನಮ್ಮ ಹಾಲ್‌ಗೆ ತಂದಿದ್ದು ಹೀಗೆ

ಹಾಯಿ ಹಡಗುಗಳ ಕಾಲದ ಸಮುದ್ರ ಯುದ್ಧಗಳನ್ನು ಮೇಜಿನ ಮೇಲೆ ಆಡುವುದು ನನಗೆ ಆರು ವರ್ಷದಿಂದ ಹಿಡಿದಿರುವ ಹುಚ್ಚು. ನಾನು ಶುರು ಮಾಡಿದ್ದು ಟ್ರಫಾಲ್ಗರ್‌ನಿಂದ. 1805ರ ಆ ಯುದ್ಧದಲ್ಲಿ ಬ್ರಿಟಿಷರ 27 ದೊಡ್ಡ ಹಡಗು, ಫ್ರೆಂಚರು ಮತ್ತು ಸ್ಪೇನಿನವರದ್ದು ಸೇರಿ 33. ಇಬ್ಬರೇ ಕೂತರೆ ಒಂದು ಭಾನುವಾರದಲ್ಲಿ ಅದರ ಕಾಲುಭಾಗವೂ ಮುಗಿಯುವುದಿಲ್ಲ. ಆಮೇಲೆ ಹೈದರಾಲಿಯ ಬಗ್ಗೆ ಓದುತ್ತಿದ್ದಾಗ ಅವನ ಮಿತ್ರರಾಗಿದ್ದ ಫ್ರೆಂಚರ ನೌಕಾಪಡೆಯ ದಳಪತಿ ಸುಫ್ರೆನ್ ಸಿಕ್ಕಿದ. ಅಲ್ಲಿಂದ ಬೇರೆ ಯಾವ ಯುದ್ಧದ ಕಡೆಗೂ ಮನಸ್ಸು ಹೋಗಿಲ್ಲ.

ಅದು ಎರಡನೇ ಆಂಗ್ಲೋ-ಮೈಸೂರು ಯುದ್ಧದ ಕಾಲ. ಶುರುವಿನಲ್ಲಿ ನೆಲದ ಮೇಲೆ ಹೈದರನ ಕೈ ಮೇಲಿತ್ತು. ಕಡಲಿನಲ್ಲಿ ಹಾಗಿರಲಿಲ್ಲ. 1780ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೇ ಬಂದು ಹೈದರನ ಹಡಗುಗಳನ್ನು ನಾಶ ಮಾಡಿ ಹೋಗಿದ್ದ. ಅದೇ ಹ್ಯೂಸ್ ಮತ್ತು ಸುಫ್ರೆನ್ 1782ರ ಫೆಬ್ರವರಿಯಿಂದ 1783ರ ಜೂನ್ ತನಕ ಐದು ಸಲ ಎದುರಾದರು. ನಾನು ಆರಿಸಿಕೊಂಡಿದ್ದು ಮೂರನೆಯದನ್ನು: ತಮಿಳುನಾಡಿನ ಕರಾವಳಿಯ ನಾಗಪಟ್ಟಣ, 1782ರ ಜುಲೈ 6. ಎರಡೂ ಕಡೆ 11 ಹಡಗು. ಫ್ರೆಂಚರ ಹನ್ನೆರಡನೆಯದು ‘ಅಜಾಕ್ಸ್’. ಹಿಂದಿನ ದಿನದ ಬಿರುಗಾಳಿಗೆ ಅದರ ಕೂವೆಮರಗಳು, ಅಂದರೆ ಹಾಯಿ ಕಟ್ಟುವ ಕಂಬಗಳು, ಮುರಿದು ಅದು ಯುದ್ಧಕ್ಕೇ ಬರಲಿಲ್ಲ. ನಾಲ್ಕು ಜನ ಸೇರಿದರೆ ಎರಡು ಭಾನುವಾರದಲ್ಲಿ ಆಡಿ ಮುಗಿಸಬಹುದಾದ ಲೆಕ್ಕ.

ಸಾಮಾನು ಜೋಡಿಸಿದ್ದು ಸುಲಭದಲ್ಲೇ. ಫ್ಲೆಕ್ಸ್ ಅಂಗಡಿಯಲ್ಲಿ ನೀಲಿ ಹಿನ್ನೆಲೆಯ ಮೇಲೆ ಆರು ಮೂಲೆಯ ಮನೆಗಳನ್ನು ಪ್ರಿಂಟ್ ಹಾಕಿಸಿದೆ, ಆರಡಿಗೆ ನಾಲ್ಕಡಿ. ಸುತ್ತಿ ಕೊಟ್ಟ ಫ್ಲೆಕ್ಸ್‌ನ ಅಂಚು ಮೇಲೇಳುತ್ತದೆ, ಅದಕ್ಕೆ ನೀರು ತುಂಬಿದ ಸ್ಟೀಲ್ ಲೋಟ ಇಟ್ಟೆ. ಐಸ್‌ಕ್ರೀಮ್ ಕಡ್ಡಿ ಕತ್ತರಿಸಿ ಹಡಗು, ಹಲ್ಲುಕಡ್ಡಿ ಚುಚ್ಚಿ ಕೂವೆಮರ, ಕಾಗದದ ಹಾಯಿ. ಒಂದು ಹಡಗು ಎರಡು ಮನೆ ಹಿಡಿಯುತ್ತದೆ, ಮುಂದಿನದು ಮೂತಿ, ಹಿಂದಿನದು ಬಾಲ. ಬ್ರಿಟಿಷರಲ್ಲೊಂದು ‘ಹೀರೋ’, ಫ್ರೆಂಚರಲ್ಲಿ ಸುಫ್ರೆನ್ ಇದ್ದ ಹಡಗೂ ಅದೇ ಹೆಸರಿನದು. ಗೊಂದಲ ಆಗಬಾರದು ಅಂತ ಅದನ್ನು ಫ್ರೆಂಚರ ಬಾಯಲ್ಲಿ ಬರುವ ಹಾಗೆ ‘ಎರೋ’ ಅಂತಲೇ ಬರೆದೆ.

ನಿಯಮದ ಬೆನ್ನೆಲುಬು 1975ರಲ್ಲಿ ಅಮೆರಿಕದ ಅವಲಾನ್ ಹಿಲ್ ಕಂಪನಿ ತಂದ ‘ವುಡನ್ ಶಿಪ್ಸ್ ಅಂಡ್ ಐರನ್ ಮೆನ್’ ಆಟದ್ದು. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಮಾತು. ಯಾರೂ ಸರದಿ ಪ್ರಕಾರ ಹಡಗು ನಡೆಸುವುದಿಲ್ಲ. ಎಲ್ಲರೂ ಗುಟ್ಟಾಗಿ ಚೀಟಿಯಲ್ಲಿ ಬರೆಯಬೇಕು, ಆಮೇಲೆ ಒಟ್ಟಿಗೇ ನಡೆಸಬೇಕು. ನಾವು ಕನ್ನಡದಲ್ಲೇ ಬರೆಯುತ್ತೇವೆ. ‘2ಬ1’ ಅಂದರೆ ಎರಡು ಮನೆ ಮುಂದೆ, ಬಲಕ್ಕೆ ಒಂದು ತಿರುವು, ಮತ್ತೆ ಒಂದು ಮನೆ. ಪೆನ್ಸಿಲ್ ಕೆಳಗಿಟ್ಟ ಮೇಲೆ ತಿದ್ದುವಂತಿಲ್ಲ. ಎದುರಿನವನು ಏನು ಬರೆದಿದ್ದಾನೆ ಅಂತ ಗೊತ್ತಿಲ್ಲದೆ ಬರೆಯುವ ಆ ಒಂದು ನಿಮಿಷ ಇದೆಯಲ್ಲ, ಇಡೀ ಆಟದ ಜೀವ ಅಲ್ಲೇ ಇದೆ.

ಗುಂಡು ಹಾರಿಸುವಾಗ ಎರಡರಲ್ಲಿ ಒಂದು ಆರಿಸಬೇಕು: ಒಡಲಿಗೋ, ಹಾಯಿಗೋ. ಫ್ರೆಂಚರು ಸಾಮಾನ್ಯವಾಗಿ ಹಾಯಿ, ಹಗ್ಗ, ಕೂವೆಮರಗಳಿಗೆ ಗುರಿ ಇಡುತ್ತಿದ್ದರು, ಬ್ರಿಟಿಷರು ಒಡಲಿಗೆ. ನಾಗಪಟ್ಟಣದ ಸಾವುನೋವಿನ ಲೆಕ್ಕದಲ್ಲಿ ಅದು ಎದ್ದು ಕಾಣುತ್ತದೆ. ಫ್ರೆಂಚರ ಕಡೆ ಸತ್ತವರು 178, ಗಾಯಗೊಂಡವರು 601. ಬ್ರಿಟಿಷರ ಕಡೆ 77 ಮತ್ತು 233. ಆದರೆ ಹಗ್ಗ, ಹಾಯಿ ಹರಿದುಕೊಂಡ ಬ್ರಿಟಿಷ್ ಹಡಗುಗಳು ಬೆನ್ನಟ್ಟುವ ಸ್ಥಿತಿಯಲ್ಲಿ ಇರಲಿಲ್ಲ. ಇನ್ನು ಎದುರಾಳಿಯ ಬಾಲದ ಹಿಂದೆ ಅಡ್ಡಲಾಗಿ ಸಿಕ್ಕರೆ ಹೊಡೆತ ದುಪ್ಪಟ್ಟು. ಹಡಗಿನ ಹಿಂಭಾಗದಲ್ಲಿ ಇರುವುದು ಬರೀ ಗಾಜಿನ ಕಿಟಕಿ, ತೆಳು ಹಲಗೆ. ಅಲ್ಲಿ ಒಳಹೊಕ್ಕ ಗುಂಡು ಮೂತಿಯವರೆಗೂ ಓಡುತ್ತದೆ.

ಇಷ್ಟೆಲ್ಲ ಆದ ಮೇಲೂ ನಾಗಪಟ್ಟಣ ನನ್ನ ಕೈಗೆ ಸಿಕ್ಕಿರಲಿಲ್ಲ. ಕಾರಣ ಗಾಳಿ. ಆ ದಿನ ಬೆಳಗ್ಗೆ ನೈಋತ್ಯದ ಗಾಳಿ. ಎರಡೂ ಸಾಲು ಅಕ್ಕಪಕ್ಕದಲ್ಲೇ ದಕ್ಷಿಣ-ಆಗ್ನೇಯಕ್ಕೆ ಮೂತಿ ಮಾಡಿ ಹೋಗುತ್ತಾ ಹೊಡೆದಾಡುತ್ತಿದ್ದವು. ಗಾಳಿ ಬರುವ ಬದಿಯಲ್ಲಿ ಹ್ಯೂಸ್ ಇದ್ದ. ಮಧ್ಯಾಹ್ನ ಹನ್ನೆರಡೂವರೆ ದಾಟಿದ ಮೇಲೆ ಇದ್ದಕ್ಕಿದ್ದಂತೆ ದಕ್ಷಿಣ-ಆಗ್ನೇಯದಿಂದ ಕಡಲಗಾಳಿ ಎದ್ದಿತು, ಹೆಚ್ಚುಕಡಿಮೆ ಮೂತಿಗೇ. ಅಂಥ ಹಡಗು ಗಾಳಿಗೆ ಸುಮಾರು 67 ಡಿಗ್ರಿಗಿಂತ ಹತ್ತಿರ ಮೂತಿ ಮಾಡಿ ಮುಂದೆ ಹೋಗಲಾರದು. ಸಾಲುಗಳು ಮುರಿದವು. ಬ್ರಿಟಿಷರಲ್ಲಿ ಹೆಚ್ಚಿನವು ಬಲಕ್ಕೆ, ಫ್ರೆಂಚರಲ್ಲಿ ಹೆಚ್ಚಿನವು ಎಡಕ್ಕೆ ತಿರುಗಿ ದೂರವಾದವು. ಆರು ಹಡಗು ಮಾತ್ರ ಉಲ್ಟಾ ತಿರುಗಿ ಮಧ್ಯದಲ್ಲಿ ಉಳಿದವು. ಬ್ರಿಟಿಷರ ‘ಬರ್ಫೋರ್ಡ್’, ‘ಸುಲ್ತಾನ್’, ‘ವೂಸ್ಟರ್’, ‘ಈಗಲ್’, ಫ್ರೆಂಚರ ‘ಸೆವೇರ್’, ‘ಬ್ರಿಯಾಂ’.

ಆರು ಮೂಲೆಯ ಮನೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಗಾಳಿಯ ಬಾಣವನ್ನು ಒಂದೇ ಒಂದು ಮಗ್ಗುಲು ತಿರುಗಿಸಿದರೆ ಸಾಕು, 22 ಹಡಗಿನ ಮೂತಿಗೂ ನೇರ ಬಂದು ನಿಲ್ಲುತ್ತದೆ. ಮೊದಲ ಸಲ ಅದನ್ನು ಫ್ಲೆಕ್ಸ್ ಮೇಲೆ ನೋಡಿದಾಗ ಮೈ ಜುಮ್ಮೆಂದಿತು.

ಆದರೆ ಯಾವಾಗ ತಿರುಗಿಸಬೇಕು? ಮೊದಲು ಎಂಟನೇ ಸುತ್ತು ಅಂತ ಗೊತ್ತು ಮಾಡಿದ್ದೆ. ಅದು ಕೆಟ್ಟ ನಿಯಮ. ಎಲ್ಲರಿಗೂ ಇತಿಹಾಸ ಗೊತ್ತು, ಹಾಗಾಗಿ ಏಳನೇ ಸುತ್ತಿನಲ್ಲೇ ಎಲ್ಲರೂ ಹಡಗು ತಿರುಗಿಸಿ ಗಾಳಿಗೆ ಕಾದು ಕೂತರು. ಸುಫ್ರೆನ್‌ಗೂ ಹ್ಯೂಸ್‌ಗೂ ಆ ಸವಲತ್ತು ಇರಲಿಲ್ಲ, ಅಲ್ವಾ? ದಾಳ ಹಾಕಿ ನೋಡೋಣ ಅಂದರೆ, ದಿಕ್ಕು ಎಲ್ಲೆಲ್ಲೋ ಹೋಗುತ್ತಿತ್ತು.

ದಾರಿ ತೋರಿಸಿದ್ದು ಭಾವ. ಅವರು ಮಲ್ಪೆಯಲ್ಲಿ ಬಹಳ ವರ್ಷ ದೋಣಿಯಲ್ಲಿ ಹೋದವರು. "ಕಡಲಗಾಳಿ ಬಂದೇ ಬರ್ತದೆ ಮಾರಾಯ. ನೆಲ ಕಾದ ಮೇಲೆ ಬರ್ತದೆ. ಆದ್ರೆ ಗಡಿಯಾರ ನೋಡಿ ಬರೋದಿಲ್ಲ. ಮೋಡ ಇದ್ರೆ ತಡ, ಒಂದೊಂದು ದಿನ ಇಲ್ವೇ ಇಲ್ಲ" ಅಂದರು. ದಿಕ್ಕು ಗೊತ್ತು, ಹೊತ್ತು ಗೊತ್ತಿಲ್ಲ. ನನಗೆ ಬೇಕಾಗಿದ್ದು ಸರಿಯಾಗಿ ಇದೇ.

ಒಂದು ಸಣ್ಣ ಬಟ್ಟೆ ಚೀಲಕ್ಕೆ ಎಂಟು ಹುಣಸೆ ಬೀಜ ಹಾಕಿದೆ. ಒಂದಕ್ಕೆ ಬಿಳಿ ನೇಲ್‌ಪಾಲಿಶ್, ಉಳಿದವಕ್ಕೆ ಕಂದು. ಎಲ್ಲಕ್ಕೂ ಪಾಲಿಶ್ ಹಚ್ಚಬೇಕು, ಇಲ್ಲದಿದ್ದರೆ ಬೆರಳಿಗೆ ಗೊತ್ತಾಗಿಬಿಡುತ್ತದೆ. ಆಟ 12 ಸುತ್ತು. ಆರನೇ ಸುತ್ತಿನಿಂದ ಚೀಟಿ ಬರೆದ ಮೇಲೆ ಒಂದು ಬೀಜ ತೆಗೆಯಬೇಕು, ವಾಪಸ್ ಹಾಕುವಂತಿಲ್ಲ. ಬಿಳಿ ಬಂದರೆ ಗಾಳಿ ತಿರುಗಿತು. ಕೊನೆಗೂ ಒಂದು ಬೀಜ ಚೀಲದಲ್ಲೇ ಉಳಿಯುತ್ತದೆ. ಅದೇ ಬಿಳಿಯದಾಗಿದ್ದರೆ ಆ ದಿನ ಕಡಲಗಾಳಿ ಇಲ್ಲ. ಗಾಳಿ ತಿರುಗಿದಾಗ ಬರೆದ ಚೀಟಿ ಹರಿದು ಹಾಕಿ ಪ್ರತಿ ಹಡಗಿಗೂ ಒಂದೊಂದು ದಾಳ ಹಾಕಬೇಕು. 1ರಿಂದ 4 ಬಿದ್ದರೆ ತಮ್ಮ ಕಡೆಗೆ ದೂರ ಸರಿಯುತ್ತದೆ. 5 ಅಥವಾ 6 ಬಿದ್ದರೆ ಶತ್ರುವಿನ ಕಡೆಗೆ. 22ರಲ್ಲಿ ಏಳರ ಆಸುಪಾಸು ಉಲ್ಟಾ ತಿರುಗುತ್ತವೆ. ಇತಿಹಾಸದ ಆರಕ್ಕೆ ಇದು ಹತ್ತಿರ.

ಕಳೆದ ಸಲ ಭಾವ ಸುಫ್ರೆನ್ ಆದರು. ಅವರ ಸಾಲಿನ ಹಿಂದಿನ ಅರ್ಧ ನನ್ನ ತಂಗಿಯ ಮಗಳದ್ದು, ಒಂಬತ್ತನೇ ಕ್ಲಾಸಿನ ಹುಡುಗಿ. ನಾನು ಹ್ಯೂಸ್, ಜೊತೆಗೆ ಒಬ್ಬ ಸ್ನೇಹಿತ. ಆರು, ಏಳು, ಎಂಟು, ಮೂರೂ ಸುತ್ತು ಕಂದು ಬೀಜ. ಒಂಬತ್ತನೇ ಸುತ್ತಿನ ಚೀಟಿ ಬರೆಯುವಾಗ ಭಾವನಿಗೆ ತಡೆಯಲಾಗಲಿಲ್ಲ. ಗಾಳಿ ಈಗ ಬಂದೇ ಬರುತ್ತದೆ ಅಂತ ಸಾಲಿನ ಮುಂದಿನ ಮೂರು ಹಡಗನ್ನು ದೂರ ಸರಿಸಿದರು. ಬಂದಿದ್ದು ಮತ್ತೆ ಕಂದು. ಆ ಸಂದಿನಲ್ಲಿ ನನ್ನ ‘ಎಕ್ಸೆಟರ್’ ನುಗ್ಗಿ ‘ಫ್ಲಮಾಂ’ ಹಡಗಿನ ಬಾಲಕ್ಕೆ ಒಂದು ಇಡೀ ಬದಿಯ ಫಿರಂಗಿ ಹಾರಿಸಿತು. ಬಿಳಿ ಬೀಜ ಬಂದಿದ್ದು ಹತ್ತರಲ್ಲಿ. ಐದು ನಿಮಿಷ ದಾಳದ ಸದ್ದು ಬಿಟ್ಟರೆ ಹಾಲ್‌ನಲ್ಲಿ ಒಂದು ಮಾತಿಲ್ಲ. ನನ್ನ ಕಡೆ ಉಲ್ಟಾ ತಿರುಗಿದ್ದು ಎರಡು. ಅವರ ಕಡೆ ಮೂರು, ಅದರಲ್ಲೊಂದು ಹುಡುಗಿಯ ‘ಸೆವೇರ್’.

ನಿಜವಾದ ಯುದ್ಧದಲ್ಲಿ ‘ಸೆವೇರ್’ನ ಕ್ಯಾಪ್ಟನ್ ಶರಣಾಗಲು ಬಾವುಟ ಇಳಿಸಿಬಿಟ್ಟಿದ್ದ. ಅವನ ಕೈಕೆಳಗಿನ ಅಧಿಕಾರಿಗಳು ಒಪ್ಪದೆ ಬಾವುಟ ಮತ್ತೆ ಏರಿಸಿ ಹೊಡೆದಾಡಿ ಹಡಗನ್ನು ಪಾರು ಮಾಡಿದರು. ಅದಕ್ಕಾಗಿ ನಾನೊಂದು ನಿಯಮ ಇಟ್ಟಿದ್ದೆ. ಬಾವುಟ ಇಳಿದ ಹಡಗಿಗೆ ಕೊನೆಯ ಒಂದು ದಾಳ, 6 ಬಿದ್ದರೆ ಬಾವುಟ ಮತ್ತೆ ಏರುತ್ತದೆ. ಹನ್ನೊಂದನೇ ಸುತ್ತಿನಲ್ಲಿ ‘ಸೆವೇರ್’ನ ಬಾವುಟ ಇಳಿಯಿತು. ಹುಡುಗಿ ದಾಳವನ್ನು ಎರಡೂ ಕೈಯಲ್ಲಿ ತುಂಬಾ ಹೊತ್ತು ಕುಲುಕಿ ಹಾಕಿದಳು. 5 ಬಿತ್ತು. ಹಡಗು ನನ್ನ ಕೈಗೆ ಬಂತು.

ಗೆದ್ದ ಖುಷಿಗಿಂತ ಇದು ತಪ್ಪಾಯಿತು ಅನ್ನುವುದೇ ಜಾಸ್ತಿ ಕಾಡಿತು. ಹ್ಯೂಸ್ ಮತ್ತು ಸುಫ್ರೆನ್ ಅಷ್ಟು ಸಲ ಕಾದಾಡಿದರೂ ಆ ಯುದ್ಧಗಳಲ್ಲಿ ಒಬ್ಬರ ಸಾಲಿನ ಹಡಗನ್ನು ಇನ್ನೊಬ್ಬರು ಹಿಡಿಯಲಾಗಲಿಲ್ಲ. ನನ್ನ ಆಟದಲ್ಲಿ ಹಡಗು ಸಿಗುವುದು ಅಷ್ಟು ಸುಲಭ ಆಗಬಾರದು. ಮುಂದಿನ ಸಲಕ್ಕೆ 4, 5, 6 ಯಾವುದು ಬಿದ್ದರೂ ಬಾವುಟ ಏರುತ್ತದೆ ಅಂತ ತಿದ್ದಿ ಬರೆದಿದ್ದೇನೆ. ಸುಫ್ರೆನ್ ನಾನಾಗಬೇಕು ಅಂತ ಹುಡುಗಿ ಆಗಲೇ ಹೇಳಿಟ್ಟಿದ್ದಾಳೆ.