ಶಫಲ್‌ಬಾಟಮ್: ಒಂದು ಅಡ್ಡಹೆಸರಿನ ಊರು ಹುಡುಕಿದ ನನ್ನ ಅನುಭವ

ನಾನು ಧಾರವಾಡದ ಕಡೆಯವನು. ನಮ್ಮಲ್ಲಿ ಎಷ್ಟೋ ಜನರ ಅಡ್ಡಹೆಸರು ಅಂದರೆ ಊರ ಹೆಸರೇ. ಅದಕ್ಕೇ ಮ್ಯಾಂಚೆಸ್ಟರಿನ ಆಫೀಸಿನಲ್ಲಿ ಶಫಲ್‌ಬಾಟಮ್ ಅನ್ನೋ ಹೆಸರು ಕೇಳಿದಾಗ, ಇದೂ ಒಂದು ಊರೇ ಇರಬೇಕು ಅನ್ನಿಸಿತು. ವಂಶಾವಳಿ ಹುಡುಕುವ ಗೆಳೆಯರು ಒಪ್ಪಲಿಲ್ಲ. ಇಂಗ್ಲಿಷಿನಲ್ಲಿ ಶಫಲ್ ಅಂದರೆ ಕಾಲೆಳೆದು ನಡೆಯೋದು, ಬಾಟಮ್ ಅಂದರೆ ಅಂಡು; ನಡಿಗೆ ನೋಡಿ ಯಾರೋ ಇಟ್ಟ ಅಣಕದ ಹೆಸರು ಅಂದರು. ಆ ಹೆಸರಿನ ನನ್ನ ಸಹೋದ್ಯೋಗಿ ಶಾಲೆಯಲ್ಲಿ ಪಟ್ಟ ಪಾಡು ನನಗೆ ಗೊತ್ತಿತ್ತು. ಸುಮ್ನೆ ಬಿಡೋಕೆ ಮನಸ್ಸಾಗಲಿಲ್ಲ.

ಮೊದಲ ವರ್ಷ ದುಡ್ಡು ನೀರಿನ ಹಾಗೆ ಹರಿಯಿತು. ಒಂದು ವಂಶಾವಳಿ ವೆಬ್‌ಸೈಟಿಗೆ ಆಗ ಕಟ್ಟಿದ ಚಂದಾ ಸುಮಾರು 120 ಪೌಂಡ್. ಜನನ ಪ್ರಮಾಣಪತ್ರ ಒಂದಕ್ಕೆ ಆಗ 11 ಪೌಂಡ್ ಇತ್ತು. ಒಂಬತ್ತೋ ಹತ್ತೋ ತರಿಸಿದೆ. ಅದರಲ್ಲಿ ಆರು ಬೇರೆ ಮನೆಯವರದ್ದು. ಅದೇ ಹೆಸರು, ಅದೇ ವರ್ಷ, ಅಪ್ಪ ಮಾತ್ರ ಬೇರೆ! ಮನೆತನದ ಲಾಂಛನ ಅಂತ ಮಾರುವವರಿಗೂ 25 ಪೌಂಡ್ ಕೊಟ್ಟೆ, ಅದು ಪೂರ್ತಿ ಬೋಗಸ್. ಇಂಗ್ಲೆಂಡಿನಲ್ಲಿ ಜನನ-ಮರಣಗಳ ಸರ್ಕಾರಿ ನೋಂದಣಿ ಶುರುವಾಗಿದ್ದೇ 1837ರಲ್ಲಿ. ಹೆಸರು ಹುಟ್ಟಿದ ಕಾಲ ಅಲ್ಲೆಲ್ಲಿ ಸಿಗಬೇಕು?

ಆಮೇಲೆ ವಂಶ ಬಿಟ್ಟು ಜಾಗ ಹಿಡಿದೆ. 1881ರ ಜನಗಣತಿಯಲ್ಲಿ ಆ ಹೆಸರಿನ ಮನೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ನಕ್ಷೆ ಮೇಲೆ ಚುಕ್ಕಿ ಇಟ್ಟೆ. ಇಂಗ್ಲೆಂಡಿನ ವಾಯವ್ಯದ ಲ್ಯಾಂಕಾಶೈರ್ ಪ್ರಾಂತ್ಯ ಮತ್ತು ಅದರ ಅಕ್ಕಪಕ್ಕ ಚುಕ್ಕಿ ಜಾಸ್ತಿ. ಅಲ್ಲಿಂದ ಚರ್ಚ್ ರಿಜಿಸ್ಟರ್‌ಗಳು. ಸ್ವಯಂಸೇವಕರು ನಕಲು ಮಾಡಿಟ್ಟಿದ್ದಾರೆ, ಒಂದು ಪೈಸೆ ಖರ್ಚಿಲ್ಲ. ಇಲ್ಲಿ ಕಾಗುಣಿತ ಬಿಟ್ಟು ಕಿವಿ ನಂಬಿದೆ, ಪ್ರತಿ ಹೆಸರನ್ನೂ ಜೋರಾಗಿ ಓದಿದೆ. ಒಬ್ಬನೇ ಅಪ್ಪನ ಮೂರು ಮಕ್ಕಳಿಗೆ ಪಾದ್ರಿ ಮೂರು ಥರ ಬರೆದಿದ್ದ. ಮೂರನೆಯದು ಶಿಪರ್‌ಬಾಟಮ್. ಹುಡುಕುವಾಗ ಯಾವ ಅಕ್ಷರ ಗಟ್ಟಿ ಹಿಡಿಯಬೇಕು, ಯಾವುದು ಸಡಿಲ ಬಿಡಬೇಕು ಅನ್ನೋ ಪಟ್ಟಿ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಶಿಪರ್‌ಬಾಟಮ್ ಅಂದರೆ ಮ್ಯಾಂಚೆಸ್ಟರ್ ಹತ್ತಿರದ ಬೆರಿ (Bury) ಪಟ್ಟಣದ ಕಡೆಯ ಒಂದು ಜಾಗ. 13ನೇ ಶತಮಾನದಲ್ಲಿ ಅದನ್ನು ‘ಶಿಪ್ಪೆವಾಲೆಬೊಥೆಮ್’ ಅಂತ ಬರೆದಿದ್ದಾರೆ. ಶಿಪ್ಪೆ ಅಂದರೆ ಕುರಿ, ವಾಲೆ ಅಂದರೆ ಒರತೆ, ಬೊಥೆಮ್ ಅಂದರೆ ಕಣಿವೆಯ ತಳ. ಉಣ್ಣೆ ಕತ್ತರಿಸುವ ಮುಂಚೆ ಕುರಿ ತೊಳೆಯುತ್ತಿದ್ದ ತಗ್ಗು. ನಮ್ಮ ಕಡೆಯಾಗಿದ್ದರೆ ‘ಕುರಿಹಳ್ಳದ’ ಅಂತ ಅಡ್ಡಹೆಸರು ಆಗ್ತಿತ್ತು, ಅಲ್ವಾ? ಜಾಗ ಮರೆತವರ ಬಾಯಲ್ಲಿ ಶಿಪರ್ ಹೋಗಿ ಶಫಲ್ ಆಯಿತು.

ಹುರುಪಿನಲ್ಲಿ ಹಿಗಿನ್‌ಬಾಟಮ್ ಅನ್ನೋ ಅಡ್ಡಹೆಸರನ್ನೂ ಹುಡುಕಿ ನೋಡಿದೆ. ಎರಡೇ ವಾರದಲ್ಲಿ ಅದು ಬೋಲ್ಟನ್ ಪಟ್ಟಣದ ಕಡೆಯ ಓಕನ್‌ಬಾಟಮ್ ಅನ್ನೋ ಜಾಗಕ್ಕೆ ತಲುಪಿತು. ಕ್ರಿಕೆಟಿಗ ಇಯಾನ್ ಬಾಥಮ್ ಅವರ ಹೆಸರಿನಲ್ಲಿರುವುದೂ ಇದೇ ಕಣಿವೆಯ ತಳ. ವಿಂಟರ್‌ಬಾಟಮ್ ಮಾತ್ರ ಇನ್ನೂ ಬಗ್ಗಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದಕ್ಕೆಲ್ಲ ಖರ್ಚಾಗಿದ್ದು ಬಸ್ಸು, ಪ್ರಿಂಟು ಸೇರಿ 15 ಪೌಂಡ್ ಇರಬಹುದು. ನಕ್ಷೆ ಪ್ರಿಂಟ್ ಹಾಕಿ, ಆ ಜಾಗಕ್ಕೆ ಕೆಂಪು ಸುತ್ತು ಎಳೆದು ಸಹೋದ್ಯೋಗಿಗೆ ಕೊಟ್ಟೆ. ಮರುದಿನ ಅವರ ಮಗಳು ಅದನ್ನು ಶಾಲೆಗೆ ಒಯ್ದಳು.