ಹಳೆಯ ಎಂಜಿಬಿಗೆ ಹೊಸ ನಡಿಗೆ: ಬುಷ್ ಮೊದಲು, ಸ್ಪ್ರಿಂಗ್ ಕೊನೆಗೆ

ಕಾರು ತಿರುವಿನಲ್ಲಿ ವಾಲುತ್ತದೆ, ಗುಂಡಿಗೆ ಇಳಿದರೆ ಲೊಡಲೊಡ ಎನ್ನುತ್ತದೆ, ಸ್ಟಿಯರಿಂಗ್ ತಿರುಗಿಸಿದರೆ ತುಸು ತಡೆದು ಮಾತು ಕೇಳುತ್ತದೆ. ಹಳೆಯ ಸ್ಪೋರ್ಟ್ಸ್ ಕಾರು ಹೀಗೆ ಮಾಡಿದರೆ ಬಹಳ ಜನ ಮೊದಲು ಕೊಳ್ಳುವುದು ಬಿಗಿಯಾದ ಸ್ಪ್ರಿಂಗ್. ಇದು ಪೂರ್ತಿ ತಲೆಕೆಳಗಾದ ಕ್ರಮ. ಬುಷ್ ಎಂದರೆ ಸಸ್ಪೆನ್ಷನ್ನಿನ ಲೋಹದ ಕೀಲುಗಳ ನಡುವೆ ಕೂರುವ ರಬ್ಬರ್ ಬಿಲ್ಲೆ. ಸವೆದ ಬುಷ್ ಮೇಲೆ ಬಿಗಿ ಸ್ಪ್ರಿಂಗ್ ಕೂರಿಸಿದರೆ ಸದ್ದು ಹೆಚ್ಚುತ್ತದೆ, ಹಿಡಿತ ಮಾತ್ರ ಬರುವುದಿಲ್ಲ. ಮೊದಲು ಬುಷ್, ಆಮೇಲೆ ಶಾಕ್ ಅಬ್ಸಾರ್ಬರ್, ಕೊನೆಗೆ ಸ್ಪ್ರಿಂಗ್. ಖರ್ಚೂ ಹೀಗೆಯೇ ಹಿಡಿತಕ್ಕೆ ಬರುತ್ತದೆ.

ಉದಾಹರಣೆಗೆ ಎಂಜಿಬಿಯನ್ನೇ ತೆಗೆದುಕೊಳ್ಳೋಣ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 5 ಲಕ್ಷಕ್ಕೂ ಹೆಚ್ಚು ತಯಾರಾದ ಕಾರು ಇದು. ಮುಂದೆ ಸುರುಳಿ ಸ್ಪ್ರಿಂಗ್, ಹಿಂದೆ ಲಾರಿಗಳಲ್ಲಿ ಕಾಣುವಂಥ ಲೀಫ್ ಸ್ಪ್ರಿಂಗ್, ನಾಲ್ಕೂ ಕಡೆ ಲಿವರ್, ಅಂದರೆ ತೋಳು ಇರುವ ಹಳೆಯ ಮಾದರಿಯ ಶಾಕ್.

ಯಾವ ಭಾಗವನ್ನೂ ಕೊಳ್ಳುವ ಮೊದಲು ಕಾರಿನ ಎತ್ತರ ಅಳೆಯಿರಿ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಟೈರುಗಳ ಗಾಳಿ ಸರಿಮಾಡಿ, ಕಾರನ್ನು ಒಮ್ಮೆ ಹಿಂದೆ ಮುಂದೆ ಉರುಳಿಸಿ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎಷ್ಟಿದೆ ಎಂದು ನಾಲ್ಕೂ ಕಡೆ ಬರೆದಿಟ್ಟುಕೊಳ್ಳಿ. ಹಿಂಬದಿ ಒಂದು ಕಡೆ ಕುಸಿದಿದ್ದರೆ ಲೀಫ್ ಸ್ಪ್ರಿಂಗ್ ಸೋತಿದೆ ಎಂಬ ಸುಳಿವು ಇಲ್ಲೇ ಸಿಗುತ್ತದೆ. ನಿಮ್ಮದು ಯಾವ ವರ್ಷದ ಕಾರು ಎಂಬುದೂ ಮುಖ್ಯ. ಅಮೆರಿಕದ ಬಂಪರ್ ನಿಯಮಗಳಿಗಾಗಿ 1974ರ ಕೊನೆಯಿಂದ ಕಪ್ಪು ರಬ್ಬರ್ ಬಂಪರ್ ಬಂತು, ಕಾರನ್ನು ಒಂದರಿಂದ ಒಂದೂವರೆ ಇಂಚು ಎತ್ತರಿಸಿದರು, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಕಂಬಿಯಾದ ಆಂಟಿ ರೋಲ್ ಬಾರನ್ನು ಮುಂಭಾಗದಿಂದ ತೆಗೆದರು. ಕಾರು ಆಗ ಕಂಡಾಪಟ್ಟೆ ವಾಲತೊಡಗಿತು. 1977ರ ಮಾದರಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಬಾರ್ ಕೊಟ್ಟು ಸರಿಪಡಿಸಿದರು. ನಡುವಿನ ವರ್ಷಗಳ ಕಾರು ನಿಮ್ಮದಾಗಿದ್ದರೆ ಸ್ಪ್ರಿಂಗ್ ಯೋಚನೆ ಬಿಟ್ಟು ಮೊದಲು ಆ ಬಾರ್ ಹಾಕಿಸಿ.

ಈಗ ಬುಷ್. ಮುಂದಿನ ಕೆಳ ವಿಶ್‌ಬೋನಿನಿಂದ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳಿನಿಂದ) ತೆಗೆದ ಹಳೆಯ ಬುಷ್ ಅಂಗೈಯಲ್ಲಿಟ್ಟು ನೋಡಿ. ಗುಂಡಗಿರಬೇಕಾದ ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಅಂಚಿನ ರಬ್ಬರ್ ಉಗುರು ತಾಗಿದರೆ ಕಾಫಿ ಪುಡಿಯಂತೆ ಉದುರುತ್ತದೆ. ಚಕ್ರದ ಹಿಡಿತವೆಲ್ಲ ನಿಂತಿರುವುದು ಆ ಪುಡಿಯ ಮೇಲೆ.

ಬದಲಿಗೆ ಮೂರು ದಾರಿಗಳಿವೆ. ಹಳೆಯದರಂತೆಯೇ ಇರುವ ರಬ್ಬರ್ ಅಗ್ಗ, ಮೃದು, ಆದರೆ ಬೇಗ ಸವೆಯುತ್ತದೆ. ಪಾಲಿಯುರೆಥೇನ್ ಗಟ್ಟಿ, ಸ್ಟಿಯರಿಂಗ್ ಚುರುಕಾಗುತ್ತದೆ, ರಸ್ತೆಯ ಅದುರು ಒಳಗೆ ಬರುತ್ತದೆ, ಸಿಲಿಕೋನ್ ಗ್ರೀಸ್ ಸಾಲದಿದ್ದರೆ ಕೀಚಲು ಸದ್ದು. ಮೂರನೆಯದು ನನಗೆ ಅಚ್ಚುಮೆಚ್ಚು: ಕಾರ್ಖಾನೆಯವರೇ ಎಂಜಿಬಿಯ ಗಟ್ಟಿ ಛಾವಣಿಯ, ಎಂಟು ಸಿಲಿಂಡರಿನ ಮಾದರಿಯಾದ ಜಿಟಿ ವಿ8 ಕಾರಿಗೆ ಹಾಕಿದ, ಉಕ್ಕಿನ ಕೊಳವೆಗೆ ರಬ್ಬರ್ ಅಂಟಿಸಿದ ಬುಷ್. ಸಾಮಾನ್ಯ ಎಂಜಿಬಿಗೂ ಹೊಂದುತ್ತದೆ, ಮುಂಭಾಗಕ್ಕೆ ನಾಲ್ಕೇ ಸಾಕು. ರಸ್ತೆಯ ಓಡಾಟಕ್ಕೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಹಿಂದಿನ ಲೀಫ್ ಸ್ಪ್ರಿಂಗಿನ ಮುಂಗಣ್ಣಿಗಂತೂ (ಮುಂತುದಿಯ ಬೋಲ್ಟ್ ತೂತಿಗೆ) ರಬ್ಬರೇ ಇರಲಿ. ಕಾರು ವಾಲಿದಾಗ ಆ ಪಟ್ಟಿ ತಿರುಚಿಕೊಳ್ಳುತ್ತದೆ. ಗಟ್ಟಿ ಬುಷ್ ಅದಕ್ಕೆ ಅಡ್ಡಗಾಲು ಹಾಕುತ್ತದೆ.

ಜೋಡಿಸುವಾಗ ಒಂದು ಮಾತು ಮರೆಯಲೇಬೇಡಿ. ರಬ್ಬರ್ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರು ಸ್ಟ್ಯಾಂಡ್ ಮೇಲಿದ್ದು ಚಕ್ರಗಳು ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಅದು ತಿರುಚಿದ ಸ್ಥಿತಿಯಲ್ಲೇ ಬದುಕಬೇಕು. ನಾನು ಮೊದಲ ಸಲ ಹಾಗೆಯೇ ಬಿಗಿದೆ. ವರ್ಷ ತುಂಬುವ ಮೊದಲೇ ಹೊಸ ಬುಷ್‌ಗಳ ಅಂಚಿನಲ್ಲಿ ಉಂಗುರದಂತೆ ಸೀಳು. ನಟ್‌ಗಳನ್ನು ಸಡಿಲವಾಗಿ ಹಾಕಿ, ಕಾರಿನ ಭಾರ ಚಕ್ರಗಳ ಮೇಲೆ ಬಂದಮೇಲಷ್ಟೇ ಪೂರ್ತಿ ಬಿಗಿಯಿರಿ.

ಇನ್ನು ಶಾಕ್. ಎಂಜಿಬಿಯ ಮುಂದಿನ ಶಾಕ್‌ನ ತೋಳೇ ಮೇಲಿನ ವಿಶ್‌ಬೋನ್ ಕೂಡ ಹೌದು. ಅದರ ಶಾಫ್ಟ್ ಸವೆದು ಆಡುತ್ತಿದ್ದರೆ ಚಕ್ರವೇ ಅಲ್ಲಾಡುತ್ತದೆ. ಎಣ್ಣೆ ತುಂಬಿ ಉಪಯೋಗವಿಲ್ಲ, ರೀಕಂಡಿಷನ್ ಮಾಡಿಸಿದ್ದನ್ನೇ ತನ್ನಿ. ಹಿಂದಿನದನ್ನು ಪರೀಕ್ಷಿಸುವುದು ಸುಲಭ: ಲಿಂಕ್ ಬಿಡಿಸಿ ತೋಳನ್ನು ಕೈಯಿಂದ ಮೇಲೆ ಕೆಳಗೆ ಮಾಡಿ. ಉದ್ದಕ್ಕೂ ಒಂದೇ ಸಮನೆ ತಡೆ ಸಿಗಬೇಕು. ನಡುವೆ ಖಾಲಿ ಅನ್ನಿಸಿದರೆ ಒಳಗೆ ಗಾಳಿ ಸೇರಿದೆ ಅಥವಾ ಎಣ್ಣೆ ಸೋರಿದೆ. ಇವುಗಳ ಬದಲಿಗೆ ಹಾಕಲು ಕೊಳವೆಯಾಕಾರದ ಟೆಲಿಸ್ಕೋಪಿಕ್ ಶಾಕ್ ಕಿಟ್‌ಗಳು ಸಿಗುತ್ತವೆ. ಆದರೆ ಸುಸ್ಥಿತಿಯ ಲಿವರ್ ಶಾಕ್ ಈ ಕಾರಿಗೆ ಧಾರಾಳ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟಾದ ಮೇಲೂ ಕಾರು ತೃಪ್ತಿ ಕೊಡದಿದ್ದರೆ ಸ್ಪ್ರಿಂಗ್. ರೋಡ್‌ಸ್ಟರ್‌ನ, ಅಂದರೆ ಛಾವಣಿ ತೆರೆಯುವ ಎಂಜಿಬಿಯ ಮುಂದಿನ ಸ್ಪ್ರಿಂಗ್ ಇಂಚಿಗೆ 348 ಪೌಂಡ್, ಅಂದರೆ 158 ಕೆ.ಜಿ. ಭಾರಕ್ಕೆ ಒಂದು ಇಂಚು ಕುಗ್ಗುವಂಥದ್ದು. ಜಿಟಿ ಕಾರಿನದು 480 ಪೌಂಡ್. ರೋಡ್‌ಸ್ಟರ್‌ಗೆ ಜಿಟಿಯ ಬಿಗಿತ ಮುಟ್ಟಿದರೆ ರಸ್ತೆಗೆ ಅದೇ ಮೇಲ್ಮಿತಿ ಎಂದುಕೊಳ್ಳಿ. ಅದಕ್ಕೂ ಹೆಚ್ಚಾದರೆ ಸ್ಪ್ರಿಂಗ್ ಎಗರುವುದನ್ನು ಹಳೆಯ ಶಾಕ್ ತಡೆಯಲಾರದು, ಉಬ್ಬು ದಾಟಿದ ಕಾರು ಕುಪ್ಪಳಿಸುತ್ತದೆ.

ಎತ್ತರ ತಗ್ಗಿಸಲು ಸುರುಳಿ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ. ಎಂಟು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ಹೋದರೆ ಬಿಗಿತ ಸುಮಾರು 14% ಏರುತ್ತದೆ. ಕಂಬಿಯ ದಪ್ಪದ ಲೆಕ್ಕ ಇನ್ನೂ ಸೂಕ್ಷ್ಮ: ದಪ್ಪ 10% ಹೆಚ್ಚಿದರೆ ಬಿಗಿತ 46% ಹೆಚ್ಚುತ್ತದೆ. ಆದ್ದರಿಂದ ಕಣ್ಣಳತೆಗೆ ಒಂದೇ ಥರ ಕಂಡ ಸ್ಪ್ರಿಂಗ್ ನಂಬಬೇಡಿ, ಮಾರುವವರಿಂದ ಬಿಗಿತದ ಅಂಕಿ ಕೇಳಿ ಪಡೆಯಿರಿ. ಹಿಂದಿನ ಲೀಫ್ ಸ್ಪ್ರಿಂಗ್ ಯಾವತ್ತೂ ಜೋಡಿಯಾಗಿಯೇ ಬದಲಿಸಿ.

ಮುಂದಿನ ಸ್ಪ್ರಿಂಗ್ ಬಿಚ್ಚುವುದು ಅಪಾಯದ ಕೆಲಸ. ಕುಗ್ಗಿದ ಸುರುಳಿ ಚಿಮ್ಮಿದರೆ ಮೂಳೆ ಮುರಿಯಬಹುದು. ಚಾಸಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ, ಸ್ಪ್ರಿಂಗ್ ತಟ್ಟೆಯ ಕೆಳಗೆ ಟ್ರಾಲಿ ಜ್ಯಾಕ್ ಕೊಡಿ. ತಟ್ಟೆಯ ಎರಡು ಬೋಲ್ಟ್‌ಗಳ ಜಾಗಕ್ಕೆ ಉದ್ದನೆಯ ಗಟ್ಟಿ ಬೋಲ್ಟ್ ಹಾಕಿ, ಉಳಿದವನ್ನು ತೆಗೆದು, ಒಂದೊಂದೇ ಸುತ್ತು ಸಡಿಲಿಸುತ್ತ ತಟ್ಟೆಯನ್ನು ಇಳಿಸಿ. ಕೈ ಪಳಗಿಲ್ಲದಿದ್ದರೆ ಈ ಒಂದು ಕೆಲಸ ಗ್ಯಾರೇಜಿಗೇ ಬಿಡಿ.

ಇನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಬರೆದಿಟ್ಟ ಚೀಟಿ ತೆಗೆದು ನಾಲ್ಕೂ ಮೂಲೆ ಮತ್ತೆ ಅಳೆಯಿರಿ. ಹೊಸ ಸ್ಪ್ರಿಂಗ್ ತುಸು ಕುಸಿದೇ ಕೂರುತ್ತದೆ. ವೀಲ್ ಅಲೈನ್‌ಮೆಂಟ್ ಆಮೇಲೆ ಮಾಡಿಸಿ.