ಸೊಂಟದ ಪಟ್ಟಿ ಕೊಳ್ಳುವ ಮುನ್ನ ಬಿಚ್ಚಿ ನೋಡಿ

ಅಂಗಡಿಯವರು ಪಟ್ಟಿಯನ್ನು ಎರಡೂ ಕೈಯಲ್ಲಿ ಜಗ್ಗಿ, ಎಷ್ಟು ಗಟ್ಟಿ ಇದೆ ನೋಡಿ ಅನ್ನುತ್ತಾರೆ. ನಾನು ಕೇಳುವುದು ಒಂದೇ: ಹೀಗೆ ಜಗ್ಗುತ್ತಿರುವಾಗಲೇ ಒಂದು ಕೈಯಲ್ಲಿ ಬಿಚ್ಚಲಿಕ್ಕೆ ಬರುತ್ತದೆಯೇ? ದೊಡ್ಡ ನಾಯಿಗೆಂದು ಸೊಂಟಕ್ಕೆ ಕಟ್ಟುವ ಹ್ಯಾಂಡ್ಸ್‌ಫ್ರೀ ಲೀಶ್, ಅಂದರೆ ಕೈಯಲ್ಲಿ ಹಿಡಿಯದೆ ನಾಯಿಯನ್ನು ನಡೆಸುವ ಹಗ್ಗ ಕೊಳ್ಳುವವರು ಬಣ್ಣ, ಜೇಬು, ಬೆಲೆ ನೋಡುವ ಮೊದಲು ಇದನ್ನು ನೋಡಬೇಕು.

ಧಾರವಾಡ ಬಿಟ್ಟು ಪುಣೆಯ ಕೋಥ್ರೂಡಿಗೆ ಬಂದು 30 ವರ್ಷವಾಯಿತು. ಈ ಮನೆಯಲ್ಲಿ ಮೂರು ದೊಡ್ಡ ನಾಯಿಗಳು ಬೆಳೆದಿವೆ. ಎರಡನೆಯವಳು 34 ಕೆ.ಜಿ. ತೂಗುತ್ತಿದ್ದ ಲ್ಯಾಬ್ರಡಾರ್. ಲೀಶನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ನಡೆಯುವುದು ಆಗ ನನ್ನ ರೂಢಿ. ಒಂದು ಬೆಳಗ್ಗೆ ಬೆಕ್ಕು ಕಂಡು ಅವಳು ಹಾರಿದಳು, ನಾನು ಬಿದ್ದೆ, ಮುಂಗೈ ಮುರಿಯಿತು. ಆರು ವಾರ ಪ್ಲಾಸ್ಟರ್. ಅಂದಿನಿಂದ ಯಾರೇ ಕೈಗೆ ಲೀಶ್ ಸುತ್ತಿಕೊಂಡಿದ್ದು ಕಂಡರೂ ನಿಲ್ಲಿಸಿ ಹೇಳುತ್ತೇನೆ. ಆಮೇಲೆಯೇ ನಾನು ಸೊಂಟದ ಪಟ್ಟಿಗೆ ಬಂದದ್ದು, ಅದರಲ್ಲೂ ಮೊದಲ ಸಲ ತಪ್ಪು ಪಟ್ಟಿಯನ್ನೇ ತಂದೆ.

ಅದು ಎರಡು ಬೆರಳು ಅಗಲದ ಪಟ್ಟಿ. ಹೊಕ್ಕುಳ ಮಟ್ಟದಲ್ಲಿ ಕೂರುತ್ತಿತ್ತು, ನಾಯಿ ಜಗ್ಗಿದಾಗ ಮೇಲಕ್ಕೆ ಸರಿದು ಪಕ್ಕೆಲುಬಿಗೆ ಒತ್ತುತ್ತಿತ್ತು. ತಿಂಗಳೊಳಗೆ ನಡು ಹಿಡಿದುಕೊಂಡಿತು. ಪಟ್ಟಿ ಸೊಂಟದ ಎಲುಬಿನ ಮೇಲೆ, ಲಂಗದ ಲಾಡಿ ಕಟ್ಟುವುದಕ್ಕಿಂತ ಕೆಳಗೆ ಕೂರಬೇಕು. ನಿಂತ ಮೈಯ ಭಾರವೆಲ್ಲ ಅಲ್ಲೇ ಸೇರುವುದರಿಂದ, ಅಲ್ಲಿ ಜಗ್ಗಿದರೆ ಕಾಲು ತಡೆದುಕೊಳ್ಳುತ್ತದೆ. ಮೇಲೆ ಜಗ್ಗಿದರೆ ಇಡೀ ಮೈ ಮುಗ್ಗರಿಸುತ್ತದೆ. ಹಿಂಭಾಗದಲ್ಲಿ ಕನಿಷ್ಠ ನಾಲ್ಕು ಬೆರಳು ಅಗಲ, ಒಳಗೆ ಮೆತ್ತೆ ಇರಲಿ. ನಾಯಿಯೊಂದಿಗೆ ಓಡುವ ಕ್ಯಾನಿಕ್ರಾಸ್ ಆಟದವರ ಪಟ್ಟಿಗೆ ತೊಡೆಯ ಸುತ್ತ ಎರಡು ಕುಣಿಕೆ ಇರುತ್ತವೆ. ಪಟ್ಟಿ ಮೇಲೇರದಂತೆ ತಡೆಯಲಿಕ್ಕೇ ಅವು. ಆಗೀಗ ಜೋರಾಗಿ ಜಗ್ಗಿಬಿಡುವ ನಾಯಿಗೆ ಅಂಥದ್ದೇ ಒಳ್ಳೆಯದು.

ಇನ್ನು ಕೊಂಡಿ. ನಾಯಿಯ ಹಾರ್ನೆಸ್‌ಗೆ, ಅಂದರೆ ಎದೆಯ ಸುತ್ತ ತೊಡಿಸುವ ಪಟ್ಟಿಗೆ, ಸಿಕ್ಕಿಸುವ ಸಾಮಾನ್ಯ ಬೋಲ್ಟ್ ಸ್ನ್ಯಾಪ್ (ಹೆಬ್ಬೆರಳಿನಿಂದ ಸರಿಸಿ ತೆರೆಯುವ ಕೊಕ್ಕೆ) ಆಗಲಿ, ಕ್ಯಾರಬೀನರ್ (ಸ್ಪ್ರಿಂಗ್ ಬಾಗಿಲಿನ ಬಳೆ) ಆಗಲಿ, ಲೀಶ್ ಬಿಗಿದಿರುವಾಗ ಬಿಚ್ಚುವುದು ಕಷ್ಟ; ಸ್ವಲ್ಪ ಸಡಿಲ ಸಿಕ್ಕರೆ ಮಾತ್ರ ಬಿಡುತ್ತವೆ. ಆಪತ್ತು ಬಂದಾಗ ಸಡಿಲ ಎಲ್ಲಿಂದ ಸಿಗಬೇಕು? ಕುದುರೆ ಸಾಕುವವರು ಬಳಸುವ ಪ್ಯಾನಿಕ್ ಸ್ನ್ಯಾಪ್ ಎಂಬ ಕೊಂಡಿ ಇದೆ, ಅದರ ಮೇಲಿನ ಕೊಳವೆಯಂಥ ತೋಳನ್ನು ಹಿಂದಕ್ಕೆ ಸರಿಸಿದರೆ ಭಾರ ಬಿದ್ದಿರುವಾಗಲೂ ಬಿಟ್ಟುಬಿಡುತ್ತದೆ. ಸೊಂಟದ ಕಡೆಯ ತುದಿಗೆ ಅಂಥದ್ದನ್ನೇ ಹಾಕಿಸಿ. ಪುಣೆಯ ರವಿವಾರ ಪೇಠೆಯಲ್ಲಿ ಬೋಹರಿ ಆಳಿ ಎಂಬ ಗಲ್ಲಿಯ ಹಾರ್ಡ್‌ವೇರ್ ಸಾಲಿನಲ್ಲಿ ಹುಡುಕಿ ನೋಡಿ. ಕೀಲಿ ಗೊಂಚಲಿಗೆ ಹಾಕುವ ಬಣ್ಣದ ಕ್ಯಾರಬೀನರ್ ಮಾತ್ರ ದೊಡ್ಡ ನಾಯಿಗೆ ಬೇಡವೇ ಬೇಡ.

ಉದ್ದದ ಮಾತು. ಲೀಶ್ ಉದ್ದವಾದಷ್ಟೂ ನಾಯಿಗೆ ಓಡಿ ವೇಗ ಕೂಡಿಸಿಕೊಳ್ಳಲು ಜಾಗ ಸಿಗುತ್ತದೆ, ಕೊನೆಗೆ ಬೀಳುವ ಹೊಡೆತ ಅಷ್ಟೇ ದೊಡ್ಡದು. ಊರೊಳಗೆ ನಾಲ್ಕು ಅಡಿ ಸಾಕು. ತಾನೇ ಸುತ್ತಿಕೊಳ್ಳುವ ಡಬ್ಬಿ ಲೀಶನ್ನು ಸೊಂಟಕ್ಕೆ ಎಂದೂ ಕಟ್ಟಬೇಡಿ. ಮಧ್ಯದಲ್ಲಿ ಬಂಜೀ, ಅಂದರೆ ಎಲಾಸ್ಟಿಕ್ ಇರುವುದು ಒಳ್ಳೆಯದೇ, ನಿಮ್ಮ ಬೆನ್ನಿಗೂ ನಾಯಿಯ ಮೈಗೂ ಏಟು ತಗ್ಗುತ್ತದೆ. ಆದರೆ ಜಗ್ಗಿದರೆ ಹಿಗ್ಗುತ್ತದೆ ಎಂದು ನಾಯಿ ಬೇಗ ಕಲಿಯುತ್ತದೆ. ಆದ್ದರಿಂದ ಎಲಾಸ್ಟಿಕ್ ಗಿಡ್ಡದಿರಲಿ, ನಾಯಿಯ ಹತ್ತಿರ ಹಿಗ್ಗದ ಗಟ್ಟಿ ಹಿಡಿಕೆಯೊಂದು ಇರಲೇಬೇಕು. ಸ್ಕೂಟರುಗಳ ನಡುವೆ ನಿಮ್ಮ ನಾಯಿಯನ್ನು ಕಾಪಾಡುವುದು ಆ ಹಿಡಿಕೆ. ಜಗ್ಗುವ ಏಟು ಕುತ್ತಿಗೆಗೆ ಬೀಳದಂತೆ ಕಾಲರ್ ಬಿಟ್ಟು ಹಾರ್ನೆಸ್ ಹಾಕಿ.

ಈಗಿರುವವನು ಭೀಮ, ಮುಧೋಳದ ಕಡೆಯಿಂದ ಬಂದವನು. ಈ ಮುಧೋಳ ಜಾತಿಯನ್ನು ಇಲ್ಲಿಯ ಜನ ಕಾರವಾನ್ ಅನ್ನುತ್ತಾರೆ, ಎಲ್ಲ ಒಂದೇ ಬಳಗ. 2005ರಲ್ಲಿ ನಮ್ಮ ಅಂಚೆ ಇಲಾಖೆ ದೇಶಿ ನಾಯಿಗಳ ಚೀಟಿ ತಂದಾಗ ಮುಧೋಳಕ್ಕೂ ಒಂದು ಬಂದಿತ್ತು, ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಇವು ಕಣ್ಣಿನಿಂದ ಬೇಟೆಯಾಡುವ ನಾಯಿಗಳು. ಲ್ಯಾಬ್ರಡಾರಿಗಿಂತ ತೂಕ ಕಡಿಮೆ, ಆದರೂ ಕಾಲು ಕಿತ್ತರೆ ಬಾಣ. ವೇತಾಳ ಟೇಕಡಿ ಎಂಬ ಗುಡ್ಡದಲ್ಲಿ ನವಿಲು ಕಂಡಿತೆಂದರೆ ಯಾವ ಕಲಿಕೆಯೂ ನೆನಪಿರುವುದಿಲ್ಲ. ಅಲ್ಲಿಯ ಇಳಿಜಾರಿನ ಗರಸು ಮಳೆ ಬಿಟ್ಟ ಮೇಲೆ ಕಾಲ ಕೆಳಗೆ ಉರುಳುತ್ತದೆ. ಹಾಗಾಗಿ ಗುಡ್ಡ ಹತ್ತುವಾಗ ಸೊಂಟಕ್ಕೆ, ಇಳಿಯುವಾಗ ಕೈಗೆ. ಈ ಜಾತಿಯ ನಾಯಿಗಳ ತಲೆ ಸಪೂರ, ಹಿಂದಕ್ಕೆ ಸರಿದರೆ ಸಾಮಾನ್ಯ ಕಾಲರ್ ತಲೆಯ ಮೇಲಿಂದ ಜಾರಿಬಿಡುತ್ತದೆ. ಹಾರ್ನೆಸ್ ಜೊತೆಗೆ ಜಗ್ಗಿದಾಗ ಬಿಗಿಯಾಗುವ ಮಾರ್ಟಿಂಗೇಲ್ ಕಾಲರಿಗೂ ಒಂದು ಕೊಂಡಿ ಹಾಕುತ್ತೇನೆ.

ಇಳಿಜಾರಿನ ಹಾಗೆಯೇ ಇನ್ನು ಕೆಲವು ಕಡೆ ಪಟ್ಟಿಯಿಂದ ಬಿಚ್ಚಿ ಕೈಗೆ ತೆಗೆದುಕೊಳ್ಳಲೇಬೇಕು. ಎಲ್ಲಕ್ಕಿಂತ ಮುಖ್ಯ, ಲಿಫ್ಟ್. ನಾಯಿ ಹೊರಗೆ, ನೀವು ಒಳಗೆ, ಬಾಗಿಲು ಮುಚ್ಚಿತೆಂದರೆ ಎಣಿಸಲೂ ಭಯವಾಗುತ್ತದೆ. ನಾಯಿಯ ಹತ್ತಿರದ ಆ ಗಟ್ಟಿ ಹಿಡಿಕೆ ಹಿಡಿದು, ನಾಯಿಯನ್ನು ಮುಂದೆ ಮಾಡಿಕೊಂಡೇ ಒಳಗೆ ಹೋಗಿ. ಮೆಟ್ಟಿಲು, ರಸ್ತೆ ದಾಟುವ ಜಾಗ, ಬೀದಿನಾಯಿಗಳ ಗುಂಪಿರುವ ಗಲ್ಲಿ, ಇಲ್ಲೆಲ್ಲ ಹಾಗೆಯೇ. ಗಣಪತಿ ಹಬ್ಬಕ್ಕೆ ವಾರಗಳ ಮೊದಲೇ ನದಿಯ ದಂಡೆಯಲ್ಲಿ ಢೋಲ್ ತಾಶಾ ಅಭ್ಯಾಸ ಶುರುವಾಗುತ್ತದೆ. ಆ ಸದ್ದಿಗೆ ಬೆದರುವ ನಾಯಿ ಇದ್ದರೆ ಆ ದಿನಗಳಲ್ಲಿ ಸಂಜೆಯ ನಡಿಗೆಗೆ ಸೊಂಟದ ಪಟ್ಟಿ ಬೇಡ. ಬಸುರಿಯರು ಕಟ್ಟಬಾರದು. ಮೂಳೆ ಸವೆದವರು, ತಲೆಸುತ್ತು ಇರುವವರು, ನಾಯಿಗಿಂತ ತುಸುವೇ ಹೆಚ್ಚು ತೂಗುವವರೂ ಕಟ್ಟಬಾರದು. ಕೈಯಲ್ಲಿ ಹಿಡಿದಾಗ ಜಗ್ಗದೆ ನಡೆಯಲು ಇನ್ನೂ ಕಲಿಯದ ನಾಯಿಗೆ ಈ ಪಟ್ಟಿ ತರುವ ಅವಸರ ಮಾಡಬೇಡಿ.

ಎಲಾಸ್ಟಿಕ್ಕಿಗೆ ಬಿಸಿಲೇ ವೈರಿ. ತೊಳೆದರೆ ನೆರಳಲ್ಲಿ ಒಣಗಿಸಿ, ಹಿಗ್ಗಿಸಿದಾಗ ಒಳಗಿಂದ ಬಿಳಿ ಎಳೆ ಕಂಡರೆ ಬದಲಿಸಿ.

ಹೊಸ ಪಟ್ಟಿ ತಂದ ಮೊದಲ ವಾರ ಅದನ್ನು ಕಟ್ಟಿಕೊಂಡು ನಾಯಿಯನ್ನು ಹೊರಗೆ ಒಯ್ಯಬೇಡಿ. ಮನೆಯವರೊಬ್ಬರು ಲೀಶಿನ ಆ ತುದಿ ಹಿಡಿದು ಜಗ್ಗಲಿ. ನೀವು ಮೊದಲು ಗಟ್ಟಿ ಹಿಡಿಕೆಗೆ ಕೈ ಹಾಕಿ, ಆಮೇಲೆ ಸೊಂಟದ ಕೊಂಡಿ ಬಿಡಿಸಿ, ಇದೇ ಕ್ರಮದಲ್ಲಿ. ದಿನಕ್ಕೆ ಹತ್ತು ಸಲ ಬಲಗೈಯಿಂದ, ಹತ್ತು ಸಲ ಎಡಗೈಯಿಂದ, ಕಣ್ಣು ಮುಚ್ಚಿಕೊಂಡು.